ಮಿಡ್ ಇಂಗ್ವೈನಲ್ ಪಾಯಿಂಟೂ ಇಂಗ್ವೈನಲ್ ಲಿಗಮೆಂಟ್‌ನ (ತೊಡೆಸಂದಲ್ಲಿರೋ ಪಟ್ಟಿಯಂಥ ಕಟ್ಟು) ಮಿಡ್‌ಪಾಯಿಂಟೂ ಒಂದೇನಾ?

ಫೈನಲ್ ಇಯರ್ ಹುಡುಗ:
ಸರ್ಜರಿ ಪೋಸ್ಟಿಂಗ್ ನಡೀತಿದೆ. ನಿನ್ನೆ ಹರ್ನಿಯಾ ಕೇಸ್ ಪ್ರೆಸೆಂಟ್ ಮಾಡ್ವಾಗ ಸರ್ ಡೀಪ್ ರಿಂಗ್ (ಇಂಗ್ವೈನಲ್ ಕಾಲುವೆಯ ಒಳಬಾಯಿ) ತೋರ್ಸು ಅಂದ್ರು, ನಾನು ಫೆಮೊರಲ್ ಪಲ್ಸ್ (ತೊಡೆಯ ದೊಡ್ಡ ರಕ್ತನಾಳದ ಮಿಡಿತ) ಸಿಗೋ ಜಾಗದಲ್ಲೇ ಬೆರಳಿಟ್ಟೆ, ತಪ್ಪು ಅಂದು ಮುಂದಿನ ಬೆಡ್‌ಗೆ ಹೋಗ್ಬಿಟ್ರು. ಓದ್ವಾಗ ಅರ್ಥ ಆಗುತ್ತೆ, ಪೇಷಂಟ್ ಮುಂದೆ ನಿಂತ್ರೆ ಎಲ್ಲಾ ಕಲಸಿಹೋಗುತ್ತೆ. ದಪ್ಪ ಇರೋರಲ್ಲಂತೂ ಪ್ಯೂಬಿಕ್ ಟ್ಯೂಬರ್ಕಲ್ (ಪ್ಯೂಬಿಕ್ ಮೂಳೆ ಮೇಲಿನ ಸಣ್ಣ ಉಬ್ಬು) ಕೈಗೇ ಸಿಗಲ್ಲ. ಯಾರಾದ್ರೂ ಬಿಡಿಸಿ ಹೇಳ್ತೀರಾ?

ಸರ್ಜರಿ ಪಿಜಿ:
ಒಂದೇ ಅಲ್ಲಪ್ಪ. ಎರಡಕ್ಕೂ ಹೊರಗಿನ ತುದಿ ಎಎಸ್ಐಎಸ್ (ಸೊಂಟದ ಮೂಳೆಯ ಮುಂದಿನ ಮೊನೆ), ಒಳಗಿನ ತುದಿ ಬೇರೆ. ಸಿಂಫಿಸಿಸ್‌ವರೆಗೆ (ಎರಡೂ ಪ್ಯೂಬಿಕ್ ಮೂಳೆ ನಡುವೆ ಸೇರೋ ಜಾಗ) ಅಳೆದು ಅರ್ಧ ಮಾಡಿದ್ರೆ ಮಿಡ್ ಇಂಗ್ವೈನಲ್ ಪಾಯಿಂಟ್, ಅಲ್ಲಿ ಫೆಮೊರಲ್ ಆರ್ಟರಿ. ಟ್ಯೂಬರ್ಕಲ್‌ವರೆಗೆ ಅಳೆದು ಅರ್ಧ ಮಾಡಿದ್ರೆ ಲಿಗಮೆಂಟ್‌ನ ಮಧ್ಯ, ಅದಕ್ಕಿಂತ ಸುಮಾರು 1.25 ಸೆಂ.ಮೀ. ಮೇಲೆ ಡೀಪ್ ರಿಂಗ್. ಟ್ಯೂಬರ್ಕಲ್ ಸಿಂಫಿಸಿಸ್‌ಗಿಂತ ಹೊರಗಿರೋದ್ರಿಂದ ಡೀಪ್ ರಿಂಗ್ ಪಲ್ಸ್‌ಗಿಂತ ಸ್ವಲ್ಪ ಹೊರಗೆ ಬರುತ್ತೆ, ನೀನು ಎಡವಿದ್ದು ಅಲ್ಲೇ.

ಟ್ಯೂಬರ್ಕಲ್ ಸಿಗದಿದ್ರೆ ತೊಡೆ ಸ್ವಲ್ಪ ಅಗಲಿಸಿ, ನಿನ್ನ ಕೈಗೆ ಎದುರಾಗಿ ತೊಡೆ ಒಳಗೆ ಒತ್ತೋಕೆ ಹೇಳು, ತೊಡೆ ಒಳಬದಿಯ ಸ್ನಾಯು ಅಡಕ್ಟರ್ ಲಾಂಗಸ್‌ನ ಟೆಂಡನ್ ಹಗ್ಗದ ಥರ ಬಿಗಿಯಾಗುತ್ತೆ, ಅದನ್ನೇ ಹಿಡ್ಕೊಂಡು ಮೇಲೆ ಹೋದ್ರೆ ಮೂಳೆ ಬೆರಳಿಗೆ ತಗಲುತ್ತೆ. ಮುಟ್ಟೋ ಮೊದ್ಲು ಪೇಷಂಟ್‌ಗೆ ಹೇಳಿ ಒಪ್ಪಿಗೆ ತಗೋ, ಪರದೆ ಎಳಿ.

ಕ್ಯಾಶುವಲ್ಟಿ ಡಾಕ್ಟರ್:
ಈ ಟ್ಯೂಬರ್ಕಲ್ ಹುಡುಕೋದು ಬರೀ ವೈವಾಗೆ ಅಂದ್ಕೋಬೇಡಿ. ಒಂದ್ಸಲ ನೈಟ್ ಡ್ಯೂಟೀಲಿ ವಯಸ್ಸಾದ ಅಜ್ಜಿ, ಎರಡು ದಿನದಿಂದ ವಾಂತಿ, ಹೊಟ್ಟೆ ಉಬ್ಬರ, ಸೀರೆ ಸರಿಸಿ ನೋಡಿದ್ರೆ ತೊಡೆಸಂದಲ್ಲಿ ನಿಂಬೆಹಣ್ಣಿನಷ್ಟು ಗಂಟು. ಮೊದ್ಲು ನೋಡಿದೋರು ಲಿಂಫ್ ನೋಡ್ ಅಂತ ಬರ್ದಿದ್ರು. ಗಂಟಿನ ಕುತ್ತಿಗೆ ಟ್ಯೂಬರ್ಕಲ್‌ನ ಕೆಳಗೆ, ಹೊರಗಡೆ ಇತ್ತು, ಅಂದ್ರೆ ಫೆಮೊರಲ್ ಹರ್ನಿಯಾ, ಕರುಳು ಸಿಕ್ಕಾಕೊಂಡಿತ್ತು. ಮೇಲೆ, ಒಳಗಡೆ ಇದ್ರೆ ಇಂಗ್ವೈನಲ್. ಹೊಟ್ಟೆ ಉಬ್ಬರ ಅಂತ ಯಾರೇ ಬಂದ್ರೂ ತೊಡೆಸಂದು ನೋಡದೆ ಕಳಿಸ್ಬೇಡಿ, ಕೈ ಮುಗೀತೀನಿ.

ಕಾರ್ಡಿಯಾಲಜಿ ಕಡೆಯಿಂದ:
ಇನ್ನೊಂದು ಮಾತು, ಚರ್ಮದ ಮಡಿಕೆ ಲಿಗಮೆಂಟ್ ಅಲ್ಲ. ದಪ್ಪ ಇರೋರಲ್ಲಿ ಮಡಿಕೆ ಎಷ್ಟೋ ಕೆಳಗೆ ಜೋತಿರುತ್ತೆ, ಆಂಜಿಯೋಗ್ರಾಂಗೆ ಫೆಮೊರಲ್ ಆರ್ಟರಿ ಚುಚ್ಚೋವಾಗ ಅದನ್ನ ನಂಬಿದ್ರೆ, ಆರ್ಟರಿ ಕವಲೊಡೆದ ಜಾಗಕ್ಕಿಂತ ಕೆಳಗೆ ಸೂಜಿ ಹೋಗುತ್ತೆ. ಲಿಗಮೆಂಟ್‌ಗಿಂತ ಮೇಲೆ ಚುಚ್ಚಿದ್ರೆ ಇನ್ನೂ ಅಪಾಯ, ಒತ್ತಿ ಹಿಡಿಯೋಕೆ ಹಿಂದೆ ಮೂಳೆ ಇಲ್ಲ, ರಕ್ತ ಹೊಟ್ಟೆ ಹಿಂಭಾಗಕ್ಕೆ ಹೋಗಿ ಸೇರುತ್ತೆ, ಹೊರಗೆ ಏನೂ ಕಾಣಲ್ಲ. ಫೆಮೊರಲ್ ಹೆಡ್ (ತೊಡೆಮೂಳೆಯ ತಲೆ) ಮೇಲೆ ಬರೋ ಹಾಗೆ ಚುಚ್ಬೇಕು, ಅಲ್ಟ್ರಾಸೌಂಡ್ ಇದ್ರೆ ಇಟ್ಟು ನೋಡೇ ಚುಚ್ಚಿ. ವೇನ್ ಬೇಕಿದ್ರೆ ಪಲ್ಸ್‌ನ ಒಳಗಡೆ, ನರ್ವ್ ಹೊರಗಡೆ.

ಫೈನಲ್ ಇಯರ್ ಹುಡುಗ:
ಥ್ಯಾಂಕ್ಸ್ ಸರ್, ಮೇಡಂ. ಇವತ್ತು ಅದೇ ಪೇಷಂಟ್‌ನ ಕೇಳ್ಕೊಂಡು ಟೇಪ್ ಹಿಡಿದು ಅಳೆದೆ. ಎರಡು ಪಾಯಿಂಟ್ ಮಧ್ಯೆ ಒಂದು ಬೆರಳಿನಷ್ಟು ಅಂತರ ಇತ್ತು.