ಅಪ್‌ಡೇಟ್: ಕಾಲ್‌ಬ್ಯಾಕ್ ಕ್ರ್ಯಾಶ್ ಸರಿಹೋಯಿತು

ಲಿನಕ್ಸ್‌ನಲ್ಲಿ ಓಡುವ ನನ್ನ ಪೈಥಾನ್ ಕಾಲ್‌ಬ್ಯಾಕ್ (ಲೈಬ್ರರಿ ಬೇಕಾದಾಗ ಕರೆಯಲಿ ಅಂತ ಅದಕ್ಕೆ ಕೊಡುವ ಫಂಕ್ಷನ್), 32 ಬಿಟ್ ವಿಂಡೋಸ್‌ನಲ್ಲಿ ಡಿಎಲ್‌ಎಲ್ (ವಿಂಡೋಸ್‌ನ ಲೈಬ್ರರಿ ಫೈಲ್) ಕರೆದ ಕೂಡಲೇ ಯಾಕೆ ಕ್ರ್ಯಾಶ್ ಆಗುತ್ತದೆ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ತಪ್ಪು ಇದ್ದವು.

ಆ ಡಿಎಲ್‌ಎಲ್ ಬಳಸುವುದು ಎಸ್‌ಟಿಡಿಕಾಲ್ ಅನ್ನೋ ಫಂಕ್ಷನ್ ಕರೆಯುವ ಪದ್ಧತಿ. ಅಲ್ಲಿ ಕಾಲ್‌ಬ್ಯಾಕೇ ಸ್ಟ್ಯಾಕ್ (ಫಂಕ್ಷನ್‌ಗೆ ಕೊಟ್ಟ ಮೌಲ್ಯಗಳು ಇರುವ ಮೆಮೊರಿ) ಕ್ಲೀನ್ ಮಾಡಬೇಕು. ನಾನು ಪೈಥಾನ್‌ನ ಸಿಟೈಪ್ಸ್ ಮಾಡ್ಯೂಲ್‌ನಲ್ಲಿ ಕರೆದವರೇ ಸ್ಟ್ಯಾಕ್ ಕ್ಲೀನ್ ಮಾಡುವ ಪದ್ಧತಿಯ ಸಿಫಂಕ್‌ಟೈಪ್ ಕೊಟ್ಟಿದ್ದೆ, ವಿಂಡೋಸ್‌ಗೆ ಮಾತ್ರ ಎಸ್‌ಟಿಡಿಕಾಲ್‌ನ ವಿನ್‌ಫಂಕ್‌ಟೈಪ್ ಮಾಡಿದೆ.

ಜಾಸ್ತಿ ಕಾಡಿದ್ದು ಎರಡನೆಯದು. ತುಂಬಾ ಹೊತ್ತು ಓಡಿಸಿದರೆ ಲಿನಕ್ಸ್‌ನಲ್ಲೂ ಸೆಗ್‌ಫಾಲ್ಟ್ (ತಪ್ಪು ಮೆಮೊರಿ ಮುಟ್ಟಿದ್ದಕ್ಕೆ ಆಗುವ ಕ್ರ್ಯಾಶ್)! ಕಾಲ್‌ಬ್ಯಾಕ್ ಆಬ್ಜೆಕ್ಟನ್ನು ರಿಜಿಸ್ಟರ್ ಮಾಡುವ ಸಾಲಿನಲ್ಲೇ ಸೃಷ್ಟಿಸಿ, ಹಾಗೇ ಕಳಿಸಿದ್ದೆ. ಬೇರೆಲ್ಲೂ ಅದರ ರೆಫರೆನ್ಸ್ ಇರಲಿಲ್ಲ. ಅದನ್ನು ಯಾರೂ ಬಳಸುತ್ತಿಲ್ಲ ಅಂತ ಪೈಥಾನ್ ಅಳಿಸಿಬಿಟ್ಟಿತು, ಲೈಬ್ರರಿ ಮಾತ್ರ ಹಳೇ ವಿಳಾಸಕ್ಕೇ ಕರೆಯುತ್ತಿತ್ತು. ಈಗ ಸೆಲ್ಫ್‌ನಲ್ಲಿ (ನನ್ನ ಕ್ಲಾಸ್‌ನ ಆಬ್ಜೆಕ್ಟ್‌ನಲ್ಲಿ) ಒಂದು ವೇರಿಯಬಲ್ ಮಾಡಿ ಹಿಡಿದಿಟ್ಟಿದ್ದೇನೆ. ಲೈಬ್ರರಿಯಿಂದ ಅನ್‌ರಿಜಿಸ್ಟರ್ ಮಾಡಿದ ಮೇಲಷ್ಟೇ ಬಿಡುತ್ತೇನೆ. ನಿನ್ನೆ ರಾತ್ರಿಯಿಂದ ಎರಡೂ ಕಡೆ ನಿಲ್ಲದೆ ಓಡುತ್ತಿದೆ.