ಪದ ಬೇಕು: ಕ್ಯಾಡ್‌ನಲ್ಲಿ ಥ್ರೆಡ್ ಮೂಡಿಸುವಾಗಿನ ಪಿಚ್, ಲೀಡ್, ಎಡ-ಬಲ

ಎಲ್ಲರಿಗೂ ನಮಸ್ಕಾರ.

ಕ್ಯಾಡ್, ಅಂದರೆ ಕಂಪ್ಯೂಟರಿನಲ್ಲಿ ವಸ್ತುಗಳ ಆಕಾರ ಬಿಡಿಸುವ ತಂತ್ರಾಂಶ, ಕಲಿಯುವವರಿಗೆ ಕನ್ನಡದಲ್ಲೊಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ದುಡ್ಡು ಕೊಡದೆ ಸಿಗುವ ಫ್ರೀಕ್ಯಾಡ್ ಇಟ್ಟುಕೊಂಡು. ಸಿಲಿಂಡರ್, ತೂತು, ಅಂಚು, ಇಷ್ಟರ ತನಕ ಪದಗಳ ತಕರಾರಿಲ್ಲ. ಬೋಲ್ಟಿಗೆ ಥ್ರೆಡ್ ಹಾಕುವ ಪಾಠಕ್ಕೆ ಬಂದೆ ನೋಡಿ, ಬರವಣಿಗೆ ಅಲ್ಲೇ ನಿಂತಿತು.

ಮೊದಲಿಗೆ ‘ಥ್ರೆಡ್’, ಬೋಲ್ಟಿನ ಮೈಮೇಲೆ ಸುತ್ತಿಕೊಂಡು ಹೋಗುವ ಉಬ್ಬು-ತಗ್ಗು. ಇದಕ್ಕೆ ‘ಎಳೆ’ ಎಂದು ಬರೆಯುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಬೋಲ್ಟು ಹಿಡಿಯದಿದ್ದರೆ ‘ಥ್ರೆಡ್ ಹೋಗಿದೆ’ ಅಂತಾರೆ, ಅದು ಎಲ್ಲರಿಗೂ ತಿಳಿಯುತ್ತೆ. ‘ಎಳೆ ಹೋಗಿದೆ’ ಅಂದರೆ ಬಟ್ಟೆ ನೋಡಿಕೊಳ್ಳುತ್ತಾರೆ. ಅದೂ ಅಲ್ಲದೆ ‘ಎಳೆ’ಯನ್ನು ನಾನು ಬೇರೆ ಕಡೆಗೆ ಎತ್ತಿಟ್ಟಿದ್ದೇನೆ. ಕೆಲವು ತಿರುಪುಗಳಲ್ಲಿ ಒಂದೇ ಥ್ರೆಡ್ ಅಲ್ಲ, ಎರಡೋ ನಾಲ್ಕೋ ಒಟ್ಟೊಟ್ಟಿಗೆ ಸುತ್ತಿಕೊಂಡು ಹೋಗುತ್ತವೆ. ತುದಿಯನ್ನು ನೇರ ನೋಡಿದರೆ ಅಷ್ಟೂ ಥ್ರೆಡ್‌ಗಳ ಬಾಯಿ ಬೇರೆ ಬೇರೆ ಕಾಣುತ್ತೆ. ಇಂಗ್ಲಿಷಿನಲ್ಲಿ ಇವನ್ನು ‘ಸ್ಟಾರ್ಟ್’ ಅಂತ ಎಣಿಸುತ್ತಾರೆ. ಮೂರೆಳೆ ಹಗ್ಗ ಅಂತೀವಲ್ಲ, ಹಾಗೇ ಎರಡೆಳೆ ತಿರುಪು, ನಾಲ್ಕೆಳೆ ತಿರುಪು ಅಂದುಬಿಟ್ಟರೆ ವಿವರಣೆಯೇ ಬೇಕಿಲ್ಲ. ಹಾಗಾಗಿ ಥ್ರೆಡ್ ಥ್ರೆಡ್ ಆಗಿಯೇ ಇರಲಿ, ಎಳೆ ಇಲ್ಲಿಗೆ ಬರಲಿ ಅಂತ ನನ್ನ ವಾದ.

ನಿಜವಾದ ತೊಡಕು ಪಿಚ್ ಮತ್ತು ಲೀಡ್. ಥ್ರೆಡ್ಡಿನ ಉಬ್ಬಿದ ಅಂಚನ್ನು ಏಣು ಅನ್ನುತ್ತಿದ್ದೇನೆ. ಪಿಚ್ ಅಂದರೆ ಒಂದು ಏಣಿನಿಂದ ಪಕ್ಕದ ಏಣಿಗೆ ಇರುವ ದೂರ. ಲೀಡ್ ಅಂದರೆ ತಿರುಪನ್ನು ಒಂದು ಪೂರ್ತಿ ಸುತ್ತು ತಿರುಗಿಸಿದಾಗ ಅದು ಎಷ್ಟು ಮುಂದೆ ಹೋಗುತ್ತೋ ಅದು. ಸಾಮಾನ್ಯ ಬೋಲ್ಟಿನಲ್ಲಿ ಎರಡೂ ಒಂದೇ. ಎಂ8 (8 ಮಿ.ಮೀ. ದಪ್ಪದ) ಬೋಲ್ಟಿಗೆ ಸಾಮಾನ್ಯವಾಗಿ 1.25 ಮಿ.ಮೀ., ಎಂ6ಕ್ಕೆ 1 ಮಿ.ಮೀ. ಅದಕ್ಕೇ ಯಾರೂ ಈ ವ್ಯತ್ಯಾಸ ತಲೆಗೆ ಹಚ್ಚಿಕೊಳ್ಳುವುದಿಲ್ಲ. ಆದರೆ ತ್ರೀಡಿ ಪ್ರಿಂಟರ್‌ಗಳಲ್ಲಿ ಹೆಚ್ಚಾಗಿ ಕಾಣುವ 8 ಮಿ.ಮೀ. ತಿರುಪು ಕಡ್ಡಿ ತೆಗೆದುಕೊಳ್ಳಿ. ಅದರ ಪಿಚ್ 2 ಮಿ.ಮೀ., ನಾಲ್ಕೆಳೆ, ಲೀಡ್ 8 ಮಿ.ಮೀ. ಇದನ್ನು ಬಿಡಿಸಲು ಕೂತವರು ಫ್ರೀಕ್ಯಾಡ್‌ನಲ್ಲಿ ‘ಪಿಚ್’ ಎಂಬ ಚೌಕದಲ್ಲಿ 2 ಎಂದು ತುಂಬಿದರೆ ಕೆಲಸ ಕೆಟ್ಟಿತು. ಆ ಚೌಕ ಕೇಳುವುದು ಒಂದು ಸುತ್ತಿಗೆ ಎಷ್ಟು ಏರಬೇಕು ಅನ್ನುವುದನ್ನು, ಅಂದರೆ ಲೀಡನ್ನು. 8 ತುಂಬಬೇಕು, ಒಂದು ಎಳೆ ಕೊರೆಯಬೇಕು, ಆಮೇಲೆ ಒಟ್ಟು ನಾಲ್ಕು ಆಗುವಂತೆ ಅದನ್ನೇ ಸುತ್ತ ಪ್ರತಿ ಮಾಡಬೇಕು. ತಂತ್ರಾಂಶವೇ ಎರಡನ್ನೂ ಒಂದೇ ಹೆಸರಲ್ಲಿ ಕರೆಯುತ್ತಿರುವಾಗ ನಾವೂ ಸಡಿಲ ಬಿಟ್ಟರೆ ಕಲಿಯುವವರ ಗತಿಯೇನು, ಅಲ್ವಾ? ಲೀಡಿಗೆ ‘ಮುನ್ನಡೆ’ ನನಗೆ ಹಿಡಿಸಿದೆ. ಕ್ರಿಕೆಟ್ಟಿನಲ್ಲೂ ಚುನಾವಣೆಯಲ್ಲೂ ಲೀಡಿಗೆ ಅದೇ ಪದ, ಇಲ್ಲಂತೂ ತಿರುಪು ನಿಜವಾಗಿಯೇ ಮುಂದೆ ನಡೆಯುತ್ತೆ. ಪಿಚ್‌ಗೆ ‘ಏಣಂತರ’ ಹೇಗೆ? ಬಾಯಲ್ಲಿ ಕೂರುತ್ತಾ, ಇಲ್ಲಾ ಸುಮ್ನೆ ಪಿಚ್ ಅಂತಲೇ ಬಿಡಲಾ?

ಥ್ರೆಡ್ ಸುತ್ತುವ ದಾರಿಯ ಹೆಸರಲ್ಲೂ ತೊಡಕಿದೆ. ಹೀಲಿಕ್ಸ್ ಮತ್ತು ಸ್ಪೈರಲ್ ಎರಡಕ್ಕೂ ನಾವು ‘ಸುರುಳಿ’ ಅಂತೀವಿ. ಫ್ರೀಕ್ಯಾಡ್‌ನಲ್ಲಿ ಎರಡೂ ಬೇರೆ ಬೇರೆ ಉಪಕರಣ. ಒಂದು ಅದೇ ಅಗಲದಲ್ಲಿ ಸುತ್ತುತ್ತಾ ಏರುತ್ತೆ, ಇನ್ನೊಂದು ಸುತ್ತುತ್ತಾ ಅಗಲವಾಗುತ್ತೆ. ‘ಏರುಸುರುಳಿ’, ‘ಹರಡುಸುರುಳಿ’ ಎಂದು ಸದ್ಯಕ್ಕೆ ಬರೆದಿದ್ದೇನೆ.

ಇನ್ನೊಂದು ಜೋಡಿ. ಕೆಲವು ತಂತ್ರಾಂಶಗಳಲ್ಲಿ ಥ್ರೆಡ್ ಹಾಕಿದರೆ ಸಿಲಿಂಡರಿನ ಮೇಲೆ ಗೆರೆಗೆರೆಯ ಚಿತ್ರ ಅಂಟಿಸಿ ಬಿಡುತ್ತೆ. ಆಕಾರ ಬದಲಾಗಿರುವುದಿಲ್ಲ. ಅದನ್ನು ಎಸ್‌ಟಿಎಲ್ (ತ್ರೀಡಿ ಪ್ರಿಂಟಿಗೆ ಬಳಸುವ) ಕಡತ ಮಾಡಿ ಪ್ರಿಂಟ್ ಹಾಕಿದರೆ ನುಣ್ಣನೆಯ ಕಡ್ಡಿ ಕೈಗೆ ಬರುತ್ತೆ. ಫ್ಯೂಷನ್ ಎಂಬ ಕ್ಯಾಡ್ ತಂತ್ರಾಂಶದಲ್ಲಿ ‘ಮಾಡೆಲ್ಡ್’ ಎಂಬ ಗುರುತು ಹಾಕಿದರೆ ಮಾತ್ರ ಥ್ರೆಡ್ ಆಕಾರದಲ್ಲೇ ಬರುತ್ತೆ. ಚಿತ್ರ ಅಂಟಿಸುವುದು ಸೋಮಾರಿತನವೇನಲ್ಲ. ಥ್ರೆಡ್ಡಿನ ಒಂದೊಂದು ಏಣನ್ನೂ ಲೆಕ್ಕ ಹಾಕಲು ಹೋದರೆ ಕಂಪ್ಯೂಟರ್ ತಿಣುಕುತ್ತೆ, ಕಾಗದದ ನಕ್ಷೆಯಲ್ಲೂ ಥ್ರೆಡ್ಡನ್ನು ತೆಳು ಗೆರೆಯಲ್ಲೇ ಸೂಚಿಸುವುದು ವಾಡಿಕೆ. ಇವಕ್ಕೆ ‘ತೋರಿಕೆ ಥ್ರೆಡ್’ ಮತ್ತು ‘ಮೂಡಿಸಿದ ಥ್ರೆಡ್’ ಅಂತ ಇಟ್ಟಿದ್ದೇನೆ. ‘ಕೊರೆದ’ ಅನ್ನಲಿಲ್ಲ, ಯಾಕೆಂದರೆ ಕ್ಯಾಡ್‌ನಲ್ಲಿ ಕಳೆದೂ ಮಾಡಬಹುದು, ಸೇರಿಸಿಯೂ ಮಾಡಬಹುದು. ಲೇತ್‌ನಲ್ಲಿ ಕೊರೆಯುವುದು ಬೇರೆಯದೇ ಕತೆ.

ಏಣಿನ ಪಕ್ಕದ ಗುಣಿಗೂ ಒಂದು ಹೆಸರು ಬೇಕು. ಇದು ಯಾಕೆ ಮುಖ್ಯ ಅಂದರೆ, ಗುಣಿಯನ್ನು ಕಳೆಯಲು ಬಳಸುವ ತ್ರಿಕೋನದ ಬುಡ ಪಿಚ್‌ನಷ್ಟೇ ಅಗಲ ಇದ್ದರೆ ಒಂದು ಸುತ್ತು ಪಕ್ಕದ ಸುತ್ತಿಗೆ ತಾಗುತ್ತೆ, ಆಗ ತಂತ್ರಾಂಶ ಕೈಚೆಲ್ಲುವುದೇ ಜಾಸ್ತಿ. 1.25 ಇರುವ ಕಡೆ 1.24 ಕೊಟ್ಟರೆ ಸುಮ್ಮನೆ ಒಪ್ಪಿಕೊಳ್ಳುತ್ತೆ. ಮೆಟ್ರಿಕ್ ಥ್ರೆಡ್ಡಿನ ನಿಜವಾದ ಆಕಾರದಲ್ಲೂ ಏಣು ಚೂಪಾಗಿರುವುದಿಲ್ಲ, ಪಿಚ್‌ನ ಎಂಟನೇ ಒಂದು ಪಾಲು ಚಪ್ಪಟೆ ಬಿಟ್ಟಿರುತ್ತಾರೆ. ಏಣು–ಗುಣಿ ಸಾಕಾ? ‘ತಲೆ’ ಬೇಡ, ಬೋಲ್ಟಿಗೆ ಆಗಲೇ ಒಂದು ತಲೆ ಇದೆ.

ಕೊನೆಗೆ ಎಡ-ಬಲ. ನಾನು ಬಲು ಖುಷಿಯಿಂದ ‘ಬಲಮುರಿ ಥ್ರೆಡ್’, ‘ಎಡಮುರಿ ಥ್ರೆಡ್’ ಎಂದು ಬರೆದುಕೊಂಡಿದ್ದೆ. ಎಷ್ಟು ಚೆನ್ನಾಗಿದೆ ಪದ! ಬಲಕ್ಕೆ ತಿರುಗಿಸಿದರೆ ಬಿಗಿಯಾಗುವ ಸಾಮಾನ್ಯ ಬೋಲ್ಟು ಬಲಮುರಿ, ಎಡಕ್ಕೆ ತಿರುಗಿಸಿದರೆ ಬಿಗಿಯಾಗುವ ಸೈಕಲ್ಲಿನ ಎಡಗಡೆ ಪೆಡಲಿನದು ಎಡಮುರಿ. ಆದರೆ ಶಂಖದ ವಿಷಯ ಕಾಡಿತು. ಬಲಮುರಿ ಶಂಖ ಅಂತ ನಾವು ಕರೆಯುವ ಅಪರೂಪದ ಶಂಖವನ್ನು ಜೀವವಿಜ್ಞಾನದವರು ಎಡಸುತ್ತಿನದು ಅಂತಾರೆ. ನಾವು ಅದರ ನೀಳ ಮೂತಿ ಮೇಲೆ ಮಾಡಿ ನೋಡುತ್ತೇವೆ, ಅವರು ಸುರುಳಿಯ ತುದಿ ಮೇಲೆ ಮಾಡಿ ನೋಡುತ್ತಾರೆ, ಬಾಯಿ ಇರುವ ಪಕ್ಕ ಅದಲು ಬದಲಾಗುತ್ತೆ. ಥ್ರೆಡ್ಡಿಗೆ ಈ ಗೊಂದಲವಿಲ್ಲ. ಬೋಲ್ಟನ್ನು ತಲೆಕೆಳಗು ಹಿಡಿದರೂ ಅದರ ಎಡ-ಬಲ ಬದಲಾಗದು. ಆ ಲೆಕ್ಕದಲ್ಲಿ ನೋಡಿದರೆ ಬಲಮುರಿ ಶಂಖದ ಸುತ್ತು ಎಡಗಡೆ ಪೆಡಲಿನ ಥ್ರೆಡ್ ಥರ. ಅಂದರೆ ನನ್ನ ಪದ ಶಂಖಕ್ಕೆ ಸರಿಯಾಗಿ ಉಲ್ಟಾ!

‘ಉಲ್ಟಾ ಥ್ರೆಡ್’ ಅನ್ನುವ ಮಾತು ಬಳಕೆಯಲ್ಲಿದೆ, ತಿಳಿಯುತ್ತೆ ಕೂಡ. ಆದರೆ ಅದರ ಜೊತೆಗೆ ಬಲಗಡೆಯದಕ್ಕೆ ಏನನ್ನೋಣ, ಸೀದಾ ಥ್ರೆಡ್ ಅಂತಲೇ? ಶಂಖ ಬಿಟ್ಟು ಬೇರೆ ಯಾವುದಕ್ಕಾದರೂ, ಹಗ್ಗ ಹೊಸೆಯುವಾಗಲೋ ಬತ್ತಿ ಹೊಸೆಯುವಾಗಲೋ, ಬಲಮುರಿ-ಎಡಮುರಿ ಅನ್ನುವುದನ್ನು ಕೇಳಿದವರು ಇದ್ದರೆ, ಯಾವ ಕಡೆ ತಿರುಚಿದ್ದಕ್ಕೆ ಯಾವುದು ಅಂತಾರೆ ಅನ್ನುವುದನ್ನೂ ಸೇರಿಸಿ ಬರೆಯಿರಿ.