ಅಂಗಳದ ತರಗೆಲೆಗೆ ಬ್ಯಾಟರಿ ಬ್ಲೋವರ್: ಬಳಸಿದವರು ಹೇಳಿ

ಮೂಲೆಮನೆ:
ನಮ್ಮದು ಸಣ್ಣ ಅಂಗಳ. ಮುಂದೆ ಗಾರೆ ನೆಲ, ಪಕ್ಕದಲ್ಲಿ ಸ್ವಲ್ಪ ಜಲ್ಲಿ ಹಾಸಿದ ಜಾಗ, ಎರಡು ಮರ. ವಾರಕ್ಕೆ ಎರಡು ಮೂರು ಸಲ, ಒಂದೊಂದು ಸಲಕ್ಕೆ ಹತ್ತು ಹದಿನೈದು ನಿಮಿಷದ ಕೆಲಸ. ಬಲಗೈ ಮಣಿಕಟ್ಟಿನಲ್ಲಿ ನೋವಿದೆ, ಭಾರದ್ದು ಹಿಡಿಯಲು ಆಗುವುದಿಲ್ಲ. ಎಲೆಯನ್ನು ಗಾಳಿಯಿಂದ ಊದಿ ತಳ್ಳುವ ಬ್ಯಾಟರಿ ಬ್ಲೋವರ್ ತೆಗೆದುಕೊಳ್ಳೋಣ ಅಂತಿದ್ದೇನೆ. 18 ವೋಲ್ಟ್ ಸಾಕಾ, 40 ವೋಲ್ಟ್ ಬೇಕಾ? ನಿಮ್ಮ ಅನುಭವ ಹೇಳಿ.

ಸುತ್ತಿಗೆಉಳಿ:
ವೋಲ್ಟ್ ವಿಷಯ ಆಮೇಲೆ. ಮೊದಲು ಆ ಬ್ಯಾಟರಿ ಇನ್ನು ಐದು ವರ್ಷ ಬಿಟ್ಟು ಸಿಗುತ್ತದಾ ನೋಡಿ. ಇದನ್ನು ಕಲಿಯಲು ನನಗೆ ಎಷ್ಟು ಹೋಯಿತು ಅಂತ ಪೂರ್ತಿ ಲೆಕ್ಕ ಇದೆ.

ಮೊದಲ ಬ್ಲೋವರ್‌ಗೆ ಕೊಟ್ಟದ್ದನ್ನು 100 ಅಂತ ಇಟ್ಟುಕೊಳ್ಳಿ. ಬ್ಯಾಟರಿ, ಚಾರ್ಜರ್ ಎಲ್ಲ ಸೇರಿ. 18 ವೋಲ್ಟ್, 2 ಆಂಪಿಯರ್ ಅವರ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ). ಮೊದಲ ವರ್ಷ ಮಧ್ಯಮ ವೇಗದಲ್ಲಿ ಹನ್ನೆರಡು ನಿಮಿಷ ಓಡುತ್ತಿತ್ತು. ಎರಡನೇ ವರ್ಷದ ಕೊನೆಗೆ ಏಳು ನಿಮಿಷ. ಮೂರನೇ ವರ್ಷ ನಾಲ್ಕು. ಗೇಟಿನಿಂದ ಶುರು ಮಾಡಿದರೆ ಬಾಗಿಲ ತನಕ ಬರುತ್ತಿರಲಿಲ್ಲ. ಹೊಸ ಬ್ಯಾಟರಿ ಕೇಳಿದೆ, 65 ಆಯಿತು. ಹದಿನಾಲ್ಕು ತಿಂಗಳಿಗೆ ಚಾರ್ಜರ್ ಕೈಕೊಟ್ಟಿತು. ಅದಕ್ಕೆ 30. ಎರಡನೇ ಬ್ಯಾಟರಿಯೂ ಸೋತಾಗ ಮತ್ತೆ ಹೋದೆ. ಆ ಮಾದರಿಯನ್ನೇ ನಿಲ್ಲಿಸಿದ್ದೇವೆ, ಬ್ಯಾಟರಿ ಬರುವುದಿಲ್ಲ ಅಂದರು. ಅಲ್ಲಿಗೆ 195. ಮೋಟಾರ್ ಇವತ್ತಿಗೂ ಹೊಸದರ ಹಾಗೆ ತಿರುಗುತ್ತದೆ. ಅದಕ್ಕೆ ಹಾಕಲು ಬ್ಯಾಟರಿ ಇಲ್ಲ.

ಆಮೇಲೆ ನನ್ನ ಡ್ರಿಲ್‌ನ ಬ್ಯಾಟರಿಯೇ ಕೂರುವ ಬ್ಲೋವರ್ ತಂದೆ. ಬರೀ ಯಂತ್ರ, 45. ಒಟ್ಟು 240 ಆಯಿತು. ಮೊದಲೇ ಹೀಗೆ ಮಾಡಿದ್ದರೆ 45ರಲ್ಲಿ ಮುಗಿಯುತ್ತಿತ್ತು. ಆ 195 ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮನೆಯಲ್ಲಿ ಡ್ರಿಲ್ಲೋ ಗರಗಸವೋ ಇದ್ದರೆ ಅದೇ ಕಂಪನಿಯದ್ದೇ ತೆಗೆದುಕೊಳ್ಳಿ. ಒಂದು ಕಂಪನಿಯ ಬ್ಯಾಟರಿ ಸಾಮಾನ್ಯವಾಗಿ ಇನ್ನೊಂದರ ಯಂತ್ರಕ್ಕೆ ಕೂರುವುದಿಲ್ಲ.

ತಾರಸಿತೋಟ:
ಈ 18 ವೋಲ್ಟ್‌ನಲ್ಲಿ ಎರಡು ವರ್ಷ ಹಾಳು ಮಾಡಿಕೊಂಡವರು ನಾವೂ ಒಬ್ಬರು. ಅದು ಬಡಗಿ ಮೇಜಿನ ಹೊಟ್ಟು ಊದಲು ಸರಿ, ಅಂಗಳಕ್ಕಲ್ಲ. ನಾನು ಈಗ 40 ವೋಲ್ಟ್ ಬಳಸುತ್ತೇನೆ, 4 ಆಂಪಿಯರ್ ಅವರ್ ಬ್ಯಾಟರಿ. ನಾಲ್ಕನೇ ವರ್ಷ ನಡೆಯುತ್ತಿದೆ. ಅಂಗಳ, ತಾರಸಿ, ಹಿತ್ತಿಲು ಮೂರೂ ಒಂದೇ ಚಾರ್ಜಿನಲ್ಲಿ ಮುಗಿಯುತ್ತವೆ. ಸುತ್ತಿಗೆಉಳಿಯವರು ಮೊದಲ ಸಲ ಕೊಟ್ಟದ್ದರ ಒಂದೂವರೆ ಪಟ್ಟು ಕೊಟ್ಟಿದ್ದೇನೆ, ಆದರೆ ಒಂದೇ ಸಲ ಕೊಟ್ಟಿದ್ದೇನೆ. ಅವರ ಲೆಕ್ಕದಲ್ಲೇ ನನ್ನದು 150, ಅವರದು 240. ಯಾರು ಬುದ್ಧಿವಂತರು ನೀವೇ ಹೇಳಿ.

ಸುತ್ತಿಗೆಉಳಿ:
ಸರ್, ನಿಮ್ಮ 150ಕ್ಕೆ ಇನ್ನೂ ಎರಡನೇ ಬ್ಯಾಟರಿ ಸೇರಿಲ್ಲ. ಅದು ಸೇರುವ ದಿನ ಬಂದು ಹೇಳಿ.

ಮತ್ತೆ, ವೋಲ್ಟ್ ನೋಡಿ ಶಕ್ತಿ ಅಳೆಯಬೇಡಿ. ಬ್ಯಾಟರಿಯಲ್ಲಿ ಎಷ್ಟಿದೆ ಅಂತ ತಿಳಿಯಲು ವೋಲ್ಟನ್ನು ಆಂಪಿಯರ್ ಅವರ್‌ನಿಂದ ಗುಣಿಸಬೇಕು. 18 ಗುಣಿಲೆ 2 ಅಂದರೆ 36 ವ್ಯಾಟ್ ಅವರ್. 18 ಗುಣಿಲೆ 4 ಅಂದರೆ 72. ನಿಮ್ಮದಕ್ಕೆ 40 ಅಂತ ಬರೆದಿದ್ದರೂ ಅದು ಪೂರ್ತಿ ಚಾರ್ಜ್ ಆದಾಗಿನ ಲೆಕ್ಕ. ಒಳಗೆ ಸಾಲಾಗಿ ಹತ್ತು ಸೆಲ್, ಒಂದೊಂದು 3.6 ವೋಲ್ಟ್, ಒಟ್ಟು 36. ಹಾಗೇ ಅಂಗಡಿಯಲ್ಲಿ 20 ವೋಲ್ಟ್ ಅಂತ ಕೊಡುವುದು ಮತ್ತು 18 ವೋಲ್ಟ್ ಅಂತ ಕೊಡುವುದು ಎರಡೂ ಒಂದೇ. ಎರಡರಲ್ಲೂ ಐದೇ ಸೆಲ್ ಸಾಲು. 20 ಅಂತ ಜಾಸ್ತಿ ದುಡ್ಡು ಕೊಟ್ಟು ಬಂದವರು ನಮ್ಮ ಮನೆಯಲ್ಲೇ ಇದ್ದಾರೆ.

ತಾರಸಿತೋಟ:
36 ಗುಣಿಲೆ 4 ಅಂದರೆ 144. ನಿಮ್ಮ 36ರ ನಾಲ್ಕು ಪಟ್ಟು. ನಾನು ಹೇಳಿದ್ದೂ ಅದನ್ನೇ ಅಲ್ವಾ?

ಹಳೆಅಂಗಳ:
ಇಬ್ಬರೂ ಬ್ಯಾಟರಿ ಹಿಡಿದುಕೊಂಡು ಕೂತಿದ್ದೀರಿ. ಗಾಳಿ ಎಲ್ಲಿಂದ, ಎಷ್ಟು ಬರುತ್ತದೆ ಅಂತ ಯಾರೂ ಕೇಳಲಿಲ್ಲ. ನನಗಾದ ನಷ್ಟ ಅಲ್ಲೇ.

ಡಬ್ಬದ ಮೇಲೆ ಎರಡು ಅಂಕಿ ಇರುತ್ತವೆ. ಒಂದು ಗಾಳಿಯ ವೇಗ, ಇನ್ನೊಂದು ನಿಮಿಷಕ್ಕೆ ಎಷ್ಟು ಗಾಳಿ ಅಂತ, ಸಿಎಫ್‌ಎಂ. ನಾನು ವೇಗ ಜಾಸ್ತಿ ಇದ್ದದ್ದನ್ನೇ ಆರಿಸಿದೆ. ಅದರ ಮೂತಿ ಸಣ್ಣದು. ಕೊಳವೆಯ ಬಾಯಿಯನ್ನು ಬೆರಳಿನಿಂದ ಒತ್ತಿ ಹಿಡಿದರೆ ನೀರು ದೂರ ಚಿಮ್ಮುತ್ತದಲ್ಲ, ಅದೇ ಕೆಲಸ. ಅಂಕಿ ದೊಡ್ಡದು, ಆದರೆ ಗುಡಿಸುವ ಅಗಲ ಒಂದು ಗೇಣು. ಅಂಗಳ ಪೂರ್ತಿ ಗೆರೆ ಗೆರೆ ಎಳೆದ ಹಾಗೆ ಓಡಾಡಬೇಕು.

ಅಷ್ಟೇ ಆಗಿದ್ದರೆ ಸುಮ್ನೆ ಇರುತ್ತಿದ್ದೆ. ನಮ್ಮಲ್ಲೂ ಜಲ್ಲಿ ಇದೆ. ಮೂರನೇ ದಿನ ಟರ್ಬೊ (ಅತಿ ಜೋರಿನ ಗುಂಡಿ) ಒತ್ತಿ ಜಲ್ಲಿಯ ಅಂಚಿಗೆ ಹಿಡಿದೆ. ಎಲೆಯ ಜೊತೆ ಹುಣಸೆಬೀಜದಷ್ಟು ಕಲ್ಲು ಹಾರಿ ಕಿಟಕಿಗೆ ಬಡಿಯಿತು. ಗಾಜು ಮೂಲೆಯಿಂದ ಮೂಲೆಗೆ ಸೀಳಿತು. ಗಾಜಿಗೆ ಒಂದು ಖರ್ಚು, ಹಳೇ ಪುಟ್ಟಿ ಕೆರೆದು ಕೂರಿಸಿದವನ ಕೂಲಿ ಇನ್ನೊಂದು. ಎರಡೂ ಸೇರಿ ಬ್ಲೋವರ್‌ನ ಅರ್ಧ ಬೆಲೆ. ಅದೇ ಕಲ್ಲು ಕಣ್ಣಿಗೆ ಬಂದಿದ್ದರೆ? ಅವತ್ತಿನಿಂದ ಕನ್ನಡಕ ಹಾಕದೆ ಮುಟ್ಟುವುದಿಲ್ಲ.

ಅಗಲ ಮೂತಿ, ಸಿಎಫ್‌ಎಂ ಜಾಸ್ತಿ, ವೇಗ ಹದವಾಗಿರುವುದು ಬೇಕು. ಟ್ರಿಗರ್ ಒತ್ತಿದಷ್ಟೇ ವೇಗ ಏರಬೇಕು. ಬರೀ ಆನ್ ಆಫ್ ಇರುವುದು ಜಲ್ಲಿ ಇರುವ ಮನೆಗೆ ಬೇಡವೇ ಬೇಡ.

ಮುಂಜಾವು:
ಒಂದು ಮಾತು ಯಾರೂ ಹೇಳುತ್ತಿಲ್ಲ. ಪೊರಕೆ ಇದೆ. ಹತ್ತು ನಿಮಿಷದ ಅಂಗಳಕ್ಕೆ ಮೋಟಾರ್ ಯಾಕೆ?

ನಾನೂ ತಂದಿದ್ದೆ. ನಾಲ್ಕು ತಿಂಗಳು ಬಳಸಿ ಅರ್ಧ ಬೆಲೆಗೆ ಮಾರಿದೆ. ಬ್ಲೋವರ್ ಎಲೆಯನ್ನು ಎತ್ತುವುದಿಲ್ಲ, ಮೂಲೆಗೆ ತಳ್ಳುತ್ತದೆ. ರಾಶಿ ಮಾಡಿ ತುಂಬಲು ಕೊನೆಗೆ ಪೊರಕೆ, ಮೊರ ಬೇಕೇ ಬೇಕು. ಎಲೆಗಿಂತ ಮೊದಲು ಮಣ್ಣಿನ ಧೂಳು ಏಳುತ್ತದೆ. ಪಕ್ಕದ ಮನೆಯವರು ಒಗೆದು ಹಾಕಿದ್ದ ಬಟ್ಟೆಯ ಮೇಲೆ ಅದು ಕೂತಿತು. ಹನ್ನೊಂದು ವರ್ಷದ ಪರಿಚಯ, ಅವತ್ತು ಮುಖ ತಿರುಗಿಸಿದರು. ಮೂರು ವಾರ ಮಾತಿಲ್ಲ. ನಾನೇ ಹೋಗಿ ತಪ್ಪಾಯಿತು ಅಂದೆ. ಬೆಳಗಿನ ಹೊತ್ತು ಆ ಕೀರಲು ಸದ್ದು ಬೇರೆ. ಬ್ಯಾಟರಿದು ಸದ್ದೇ ಮಾಡುವುದಿಲ್ಲ ಅನ್ನುವವರು ಅದನ್ನು ಗೋಡೆಯ ಆಚೆ ನಿಂತು ಕೇಳಬೇಕು.

ನಿಧಾನನಡಿಗೆ:
ಮುಂಜಾವು ಅವರೇ, ಪೊರಕೆ ಹಿಡಿಯಿರಿ ಅನ್ನುವುದು ಸುಲಭ. ನನ್ನ ಬೆನ್ನುಮೂಳೆಯ ಡಿಸ್ಕ್ ಜಾರಿ ಆರು ವರ್ಷವಾಯಿತು. ಬಗ್ಗಿ ಐದು ನಿಮಿಷ ಗುಡಿಸಿದರೆ ಎರಡು ದಿನ ಮಲಗುತ್ತೇನೆ. ಮೊದಲು ನಮ್ಮ ಮನೆಯ ಅಂಗಳ ಬೇರೆಯವರು ಬಂದು ಗುಡಿಸಬೇಕಿತ್ತು. ಈಗ ನಾನೇ ನೆಟ್ಟಗೆ ನಿಂತು ಮಾಡುತ್ತೇನೆ. ನಮ್ಮ ಅಂಗಳ ನಾನೇ ಚೊಕ್ಕ ಮಾಡಿದೆ ಅನ್ನುವ ಸಮಾಧಾನಕ್ಕೆ ನೀವು ಯಾವ ಬೆಲೆ ಕಟ್ಟುತ್ತೀರಿ? ಕೇಳಿದವರು ಮಣಿಕಟ್ಟು ನೋವು ಅಂತ ಬರೆದಿದ್ದಾರೆ. ಅದನ್ನು ಓದಿದ್ದೀರಾ?

ಮುಂಜಾವು:
ಓದಿದ್ದೇನೆ. ಉದ್ದ ಕೋಲಿನ ಪೊರಕೆಗೆ ಬಗ್ಗುವುದೇ ಬೇಡ. ನಿಮ್ಮ ಕಷ್ಟ ನನಗೆ ಗೊತ್ತಿರಲಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಆದರೆ ಧೂಳಿನ ಮಾತಿಗೆ ನೀವು ಉತ್ತರ ಕೊಡಲಿಲ್ಲ.

ನಿಧಾನನಡಿಗೆ:
ಕೊಡುತ್ತೇನೆ. ನೆಲಕ್ಕೆ ಮೊದಲು ಸ್ವಲ್ಪ ನೀರು ಚಿಮುಕಿಸಿ, ಎಲೆ ನೆನೆಯುವಷ್ಟಲ್ಲ. ಗಾಳಿ ಬೀಸುವ ಕಡೆಗೇ ಊದಿ, ಎದುರು ಊದಬೇಡಿ. ಪಕ್ಕದವರ ಗೋಡೆಯ ಹತ್ತಿರ ನಿಂತು ನಿಮ್ಮ ಮನೆಯ ಕಡೆಗೆ ಊದಿ. ಮುಖಕ್ಕೆ ಮಾಸ್ಕ್ ಹಾಕಿ. ಇಷ್ಟು ದಿನದಲ್ಲಿ ಒಬ್ಬರೂ ದೂರು ಹೇಳಿಲ್ಲ.

ಕಿಟಕಿಬೆಳಕು:
ಮಳೆ ನಿಂತ ಮೇಲೆ ಗಾರೆಗೆ ಅಂಟಿದ ಎಲೆ ಯಾವ ವೋಲ್ಟ್‌ಗೂ ಏಳುವುದಿಲ್ಲ. ಬಿಸಿಲಿಗೆ ಒಣಗಲಿ, ಅಷ್ಟೇ.

ನಾನು ಬರೆಯಲು ಬಂದದ್ದು ಬೇರೆ. ನನ್ನ ಬ್ಯಾಟರಿ ಮೂರು ತಿಂಗಳು ಖಾಲಿಯಾಗಿ ಮೂಲೆಯಲ್ಲಿ ಇತ್ತು. ಚಾರ್ಜರ್‌ಗೆ ಹಾಕಿದರೆ ಕೆಂಪು ದೀಪ ಮಿನುಗಿ ತೆಗೆದುಕೊಳ್ಳಲೇ ಇಲ್ಲ. ಗೊತ್ತಿದ್ದವರೊಬ್ಬರು ಇನ್ನೊಂದು ಚಾರ್ಜ್ ಆದ ಬ್ಯಾಟರಿಯಿಂದ ಎರಡು ವೈರ್ ಎಳೆದು ಸ್ವಲ್ಪ ಹೊತ್ತು ಕೊಟ್ಟರು. ಎದ್ದುಬಿಟ್ಟಿತು! ಹೊಸದರ ದುಡ್ಡು ಉಳಿಯಿತು. ಎಸೆಯುವ ಮೊದಲು ಎಲ್ಲರೂ ಒಮ್ಮೆ ಹೀಗೆ ಮಾಡಿ ನೋಡಿ.

ಸುತ್ತಿಗೆಉಳಿ:
ದಯವಿಟ್ಟು ಯಾರೂ ಹಾಗೆ ಮಾಡಬೇಡಿ! ಇದು ತಮಾಷೆಯ ಮಾತಲ್ಲ. ಈ ಬ್ಯಾಟರಿಗಳ ಒಳಗಿರುವ ಲಿಥಿಯಂ ಸೆಲ್ ಮಿತಿಗಿಂತ ಕೆಳಗೆ ಖಾಲಿಯಾಗಿ ಬಹಳ ದಿನ ಕೂತರೆ ಒಳಗಿನ ತಾಮ್ರದ ಹಾಳೆ ಕರಗಲು ಶುರುವಾಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಸಿಕ್ಕಸಿಕ್ಕಲ್ಲಿ ಕೂತು ಒಳಗೇ ಶಾರ್ಟ್ ಆಗಬಹುದು. ಚಾರ್ಜರ್ ಬೇಡ ಅಂದದ್ದು ಅದಕ್ಕೇ. ಅದು ನಿಮ್ಮ ಮನೆಗೆ ಕಾವಲು ನಿಂತಿತ್ತು, ನೀವು ಅದನ್ನು ದಾಟಿದಿರಿ.

ಕಿಟಕಿಬೆಳಕು:
ಎಂಟು ತಿಂಗಳಿಂದ ಚೆನ್ನಾಗಿ ಓಡುತ್ತಿದೆ. ಸುಮ್ನೆ ಹೆದರಿಸಬೇಡಿ. ನಿಮ್ಮ ಹಾಗೆ 240 ಕಳೆದುಕೊಳ್ಳಲು ಎಲ್ಲರ ಹತ್ತಿರ ಇರುವುದಿಲ್ಲ.

ಸುತ್ತಿಗೆಉಳಿ:
ನನ್ನ 240 ಎತ್ತಿ ಆಡಬೇಡಿ. ಅದು ಬೆವರಿನ ದುಡ್ಡು, ಹೋಯಿತು. ಮನೆಗೆ ಬೆಂಕಿ ಬೀಳಲಿಲ್ಲ. ಆ ಬ್ಯಾಟರಿಯನ್ನು ರಾತ್ರಿ ಚಾರ್ಜಿಗೆ ಹಾಕಿ ಮಲಗಬೇಡಿ, ಅಷ್ಟಾದರೂ ಕೇಳಿ.

ತಾರಸಿತೋಟ:
ಈ ಒಂದು ವಿಷಯಕ್ಕೆ ನಾನು ಸುತ್ತಿಗೆಉಳಿಯವರ ಪಕ್ಷ. ನನ್ನದು ನಾಲ್ಕು ವರ್ಷ ಬಂದಿರುವುದು ನಾನು ಇಡುವ ರೀತಿಯಿಂದ. ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧ ಚಾರ್ಜಿನಲ್ಲಿ, ತಂಪು ಜಾಗದಲ್ಲಿ ಇಡುತ್ತೇನೆ. ಪೂರ್ತಿ ತುಂಬಿಸಿಯೂ ಅಲ್ಲ, ಖಾಲಿ ಮಾಡಿಯೂ ಅಲ್ಲ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡುವುದಿಲ್ಲ. ಊದಿ ಮುಗಿದ ಕೂಡಲೇ ಬಿಸಿ ಬ್ಯಾಟರಿಯನ್ನು ಚಾರ್ಜಿಗೆ ಚುಚ್ಚುವುದಿಲ್ಲ, ಅರ್ಧ ಗಂಟೆ ಆರಲು ಬಿಡುತ್ತೇನೆ.

ಹಳೆಅಂಗಳ:
ಪೂರ್ತಿ ತುಂಬಿಸಿಡಬೇಕು ಅಂತ ಅಂಗಡಿಯವರು ಹೇಳಿದ್ದರಲ್ಲ?

ತಾರಸಿತೋಟ:
ಅದು ಹಳೇ ಲೆಡ್ ಆಸಿಡ್ ಬ್ಯಾಟರಿಯ ಮಾತು. ಲಿಥಿಯಂ ತುಂಬಿ ಕೂತಷ್ಟೂ, ಅದರಲ್ಲೂ ಸೆಕೆಯಲ್ಲಿ, ಬೇಗ ಮುದಿಯಾಗುತ್ತದೆ.

ಮೂಲೆಮನೆ:
ಎಲ್ಲರಿಗೂ ಧನ್ಯವಾದ. ಮಣಿಕಟ್ಟಿನ ವಿಷಯ ಮಾತ್ರ ಉಳಿದುಹೋಯಿತು. 18 ಸಾಕಾಗುತ್ತದಾ ಅಂತಲೂ ಇನ್ನೂ ಗೊತ್ತಾಗಲಿಲ್ಲ.

ನಿಧಾನನಡಿಗೆ:
ಕ್ಷಮಿಸಿ, ನಮ್ಮ ಜಗಳದಲ್ಲಿ ನಿಮ್ಮನ್ನೇ ಮರೆತೆವು. ನಾನು ಕೊಳ್ಳುವ ಮೊದಲು ಐದು ಬ್ಲೋವರ್ ಕೈಯಲ್ಲಿ ಹಿಡಿದು ನೋಡಿದ್ದೆ. ಬ್ಯಾಟರಿ ಹಾಕಿಸಿಯೇ ಹಿಡಿಯಿರಿ. ಡಬ್ಬದ ಮೇಲೆ ಬರೆದ ತೂಕ ಎಷ್ಟೋ ಸಲ ಬ್ಯಾಟರಿ ಬಿಟ್ಟು ಬರೆದದ್ದು. ಮೂತಿ ಕೆಳಗೆ ಜೋಲುತ್ತದಾ, ಹಿಂದಕ್ಕೆ ವಾಲುತ್ತದಾ ನೋಡಿ. ಹಿಡಿ ನಡುವೆ ಇದ್ದು ತಾನಾಗಿ ನೆಲದ ಕಡೆ ಬಗ್ಗಿ ನಿಂತರೆ ಮಣಿಕಟ್ಟು ಎತ್ತಿ ಹಿಡಿಯುವ ಕೆಲಸ ಇರುವುದಿಲ್ಲ. ಮತ್ತೆ ಓಡಿಸಿ ನೋಡಿ. ಗಾಳಿ ಮುಂದೆ ಹೋದರೆ ಯಂತ್ರ ಕೈಯನ್ನು ಹಿಂದಕ್ಕೆ ದೂಡುತ್ತದೆ. ಕೆಲವರು ಆ ಬಲವನ್ನು ನ್ಯೂಟನ್‌ನಲ್ಲಿ ಬರೆದಿರುತ್ತಾರೆ. 10 ನ್ಯೂಟನ್ ಅಂದರೆ ಸುಮಾರು ಒಂದು ಕಿಲೋ ಒತ್ತಿದ ಹಾಗೆ. ದೊಡ್ಡದು ತಂದರೆ ಭಾರವೂ ಜಾಸ್ತಿ, ಆ ತಳ್ಳೂ ಜಾಸ್ತಿ. ಟ್ರಿಗರ್ ಲಾಕ್ ಇರುವುದನ್ನೇ ಆರಿಸಿ, ಬೆರಳು ಒತ್ತಿಕೊಂಡೇ ಇರಬೇಕಾಗಿಲ್ಲ.

ಸುತ್ತಿಗೆಉಳಿ:
ಹದಿನೈದು ನಿಮಿಷಕ್ಕೆ 18 ವೋಲ್ಟ್, 4 ಆಂಪಿಯರ್ ಅವರ್ ಸಾಕು. ಲೆಕ್ಕ ಇಲ್ಲಿದೆ. ಪೂರ್ತಿ ವೇಗದಲ್ಲಿ 400 ವ್ಯಾಟ್ ಎಳೆಯುವ ಬ್ಲೋವರ್ ಆದರೆ 72 ವ್ಯಾಟ್ ಅವರ್ ಹನ್ನೊಂದು ನಿಮಿಷದೊಳಗೆ ಮುಗಿಯುತ್ತದೆ. ಆದರೆ ಫ್ಯಾನ್ ವೇಗವನ್ನು ಐದರಲ್ಲಿ ಒಂದು ಪಾಲು ಇಳಿಸಿದರೆ ಅದಕ್ಕೆ ಬೇಕಾಗುವ ಶಕ್ತಿ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಇಪ್ಪತ್ತು ನಿಮಿಷ ಸಿಗುತ್ತದೆ. ಒಣ ಎಲೆಗೆ ಆ ವೇಗ ಧಾರಾಳ. ಬ್ರಷ್‌ಲೆಸ್ ಮೋಟಾರ್ ಕೇಳಿ, ಸವೆಯಲು ಕಾರ್ಬನ್ ಬ್ರಷ್ ಇರುವುದಿಲ್ಲ.

ತಾರಸಿತೋಟ:
ಇಪ್ಪತ್ತು ನಿಮಿಷ ಹೊಸ ಬ್ಯಾಟರಿಗೆ ಮಾತ್ರ. ಮೂರನೇ ವರ್ಷ ಎಷ್ಟಿರುತ್ತದೆ ಅಂತ ನಿಮ್ಮ ಮೊದಲ ಉತ್ತರದಲ್ಲೇ ಇದೆ.

ಸುತ್ತಿಗೆಉಳಿ:
ಅದು 2 ಆಂಪಿಯರ್ ಅವರ್‌ದು ಸರ್, ಪ್ರತಿ ಸಲ ಕೊನೆ ಹನಿ ತನಕ ಹಿಂಡುತ್ತಿದ್ದೆ.

ಮೂಲೆಮನೆ:
ಮನೆಯಲ್ಲಿ ಹುಡುಕಿದೆ. ಮಗನ ಡ್ರಿಲ್ ಸಿಕ್ಕಿತು. 18 ವೋಲ್ಟ್, 4 ಆಂಪಿಯರ್ ಅವರ್ ಬ್ಯಾಟರಿ ಎರಡಿವೆ, ಒಂದು ಅರ್ಧ ಚಾರ್ಜಿನಲ್ಲಿದೆ. ಅದೇ ಕಂಪನಿಯ ಬ್ಲೋವರ್‌ಗೆ ಅಗಲ ಮೂತಿ ಇದೆಯಾ ಅಂತ ನಾಳೆ ಕೇಳಿ, ಬ್ಯಾಟರಿ ಹಾಕಿಸಿ ಎಡಗೈಯಲ್ಲೂ ಬಲಗೈಯಲ್ಲೂ ಹಿಡಿದು ನೋಡಿ ಬರುತ್ತೇನೆ.